ಬಸಿರಿನಲ್ಲಿ ಕಡಿಮೆ ಡೋಸ್ ಆಸ್ಪಿರಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಎರಡನೇ ಬಸಿರಿನ 13ನೇ ವಾರದಲ್ಲಿ ಡಾಕ್ಟರು ಚೀಟಿಯಲ್ಲಿ ಆಸ್ಪಿರಿನ್ ಎಂದು ಬರೆದರು. ಮೊದಲ ಸಲ 34ನೇ ವಾರಕ್ಕೇ ಬಿಪಿ ಏರಿ, ಅವಸರದಲ್ಲಿ ಹೆರಿಗೆ ಮಾಡಿಸಬೇಕಾಗಿ ಬಂದಿತ್ತು. ಆಗ ಈ ಮಾತ್ರೆಯ ಹೆಸರನ್ನು ಯಾರೂ ಎತ್ತಿರಲಿಲ್ಲ. ಎರಡನೇ ಸಲ ಮಾತ್ರೆ ಶುರುವಾದದ್ದೇ ತಡ, ಮನೆಯವರು, ಗೆಳತಿಯರು, ಔಷಧಿ ಅಂಗಡಿಯವರು ಎಲ್ಲರೂ ಪ್ರಶ್ನೆ ಹಾಕಿದರು. ಅವನ್ನೂ, ಆಮೇಲೆ ನನಗೇ ಹೊಳೆದ ಕೆಲವನ್ನೂ ಇಲ್ಲಿ ಸೇರಿಸಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿಕೊಂಡು ಮಾತ್ರೆ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ. ಡಾಕ್ಟರ ಹತ್ತಿರ ಹೋದಾಗ ಏನು ಕೇಳಬೇಕು ಎಂಬುದು ಗೊತ್ತಿದ್ದರೆ ಸಾಕು.

ತಲೆನೋವಿಗೆ, ಹೃದಯಕ್ಕೆ ಕೊಡುವ ಮಾತ್ರೆ ಬಸುರಿಗೆ ಯಾಕೆ?

ಪ್ರಿಎಕ್ಲಾಂಪ್ಸಿಯಾ ಎಂಬ ತೊಂದರೆ ಬರುವ ಸಾಧ್ಯತೆ ಕಡಿಮೆ ಮಾಡಲು. ಇದೇ ಮುಖ್ಯ ಕಾರಣ. ನೋವಿಗೆ ಕೊಡುವ ಆಸ್ಪಿರಿನ್ ಒಂದು ಸಲಕ್ಕೆ 300 ಮಿಲಿಗ್ರಾಂ, ಅದಕ್ಕಿಂತ ಜಾಸ್ತಿಯೂ ಇರುತ್ತದೆ. ಬಸಿರಿನಲ್ಲಿ ಕೊಡುವುದು ದಿನಕ್ಕೆ 75ರಿಂದ 150 ಮಿಲಿಗ್ರಾಂ ಮಾತ್ರ. ಔಷಧಿ ಒಂದೇ ಆದರೂ ಇಷ್ಟು ಕಡಿಮೆ ಪ್ರಮಾಣದಲ್ಲಿ ಅದು ಮಾಡುವ ಕೆಲಸವೇ ಬೇರೆ. ಈ ಡೋಸ್‌ನಲ್ಲಿ ತಲೆನೋವೂ ಸರಿಯಾಗಿ ಹೋಗುವುದಿಲ್ಲ.

ಪ್ರಿಎಕ್ಲಾಂಪ್ಸಿಯಾ ಅಂದರೆ ಬಿಪಿ ಜಾಸ್ತಿಯಾಗುವುದು ಅಷ್ಟೇ ಅಲ್ವಾ?

ಬಿಪಿ ಅದರ ಒಂದು ಮುಖ ಅಷ್ಟೇ. ಸಾಮಾನ್ಯವಾಗಿ 20 ವಾರ ಕಳೆದ ಮೇಲೆ ಬಿಪಿ 140/90 ಮುಟ್ಟುತ್ತದೆ ಅಥವಾ ದಾಟುತ್ತದೆ. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗಬಹುದು. ಲಿವರ್, ಕಿಡ್ನಿ, ಮೆದುಳು, ರಕ್ತದ ಪ್ಲೇಟ್‌ಲೆಟ್‌ಗಳ ಮೇಲೆ ಪೆಟ್ಟು ಬೀಳಬಹುದು. ಮಗು ಸರಿಯಾಗಿ ಬೆಳೆಯದೆ ಇರಬಹುದು. ಕೈಮೀರಿದರೆ ತಾಯಿಗೆ ಫಿಟ್ಸ್ ಬರುತ್ತದೆ. ಅದಕ್ಕೆ ಎಕ್ಲಾಂಪ್ಸಿಯಾ ಎನ್ನುತ್ತಾರೆ. ಪ್ರಪಂಚದಲ್ಲಿ 100 ಬಸಿರುಗಳಲ್ಲಿ ಸುಮಾರು 2ರಿಂದ 8ರಲ್ಲಿ ಪ್ರಿಎಕ್ಲಾಂಪ್ಸಿಯಾ ಕಾಣಿಸಿಕೊಳ್ಳುತ್ತದೆ.

ಇದರ ಕೆಟ್ಟ ಗುಣವೆಂದರೆ ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ನನಗೆ ಕಾಲು ಊದಿತ್ತು, ಬಸುರಿಯರಿಗೆಲ್ಲ ಊದುತ್ತದೆ ಬಿಡು ಎಂದುಕೊಂಡಿದ್ದೆ. ಬಿಪಿ ನೋಡಿದಾಗಲೇ ತಿಳಿದದ್ದು. ಒಮ್ಮೆ ಶುರುವಾದರೆ ಅದನ್ನು ಬೇರು ಸಮೇತ ಕಿತ್ತುಹಾಕುವ ಔಷಧಿ ಇಲ್ಲ. ಹೆರಿಗೆ ಆಗಿ ಮಾಸು ಹೊರಗೆ ಬಂದ ಮೇಲೇ ಅದು ಇಳಿಯುವುದು. ಹಾಗಾಗಿಯೇ ಬರುವ ಮೊದಲು ತಡೆಯುವ ಮಾತಿಗೆ ಇಷ್ಟು ಬೆಲೆ.

ಇಷ್ಟು ಚಿಕ್ಕ ಮಾತ್ರೆ ಅದನ್ನು ಹೇಗೆ ತಡೆಯುತ್ತದೆ?

ಮಗುವಿಗೆ ಆಹಾರ, ಆಮ್ಲಜನಕ ಹೋಗುವುದು ಮಾಸಿನ ಮೂಲಕ. ಬಸಿರಿನ ಮೊದಲ ತಿಂಗಳುಗಳಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಸಣ್ಣ ರಕ್ತನಾಳಗಳೊಳಗೆ ಇಳಿದು ಅವನ್ನು ಅಗಲ ಮಾಡುತ್ತವೆ. ಕಾಲುದಾರಿಯನ್ನು ಗಾಡಿ ದಾರಿ ಮಾಡಿದ ಹಾಗೆ. ಈ ಕೆಲಸ ಹೆಚ್ಚುಕಡಿಮೆ 16ರಿಂದ 20 ವಾರದೊಳಗೆ ಮುಗಿಯುತ್ತದೆ. ಕೆಲವರಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ. ದಾರಿ ಇಕ್ಕಟ್ಟಾಗಿಯೇ ಉಳಿಯುತ್ತದೆ, ರಕ್ತ ಸಾಲುವುದಿಲ್ಲ, ಮಾಸು ಒದ್ದಾಡುತ್ತದೆ. ಅದು ಬಿಡುಗಡೆ ಮಾಡುವ ವಸ್ತುಗಳು ತಾಯಿಯ ರಕ್ತನಾಳಗಳನ್ನೆಲ್ಲ ಕೆಡಿಸುತ್ತವೆ. ಬಿಪಿ ಏರುವುದು ಅದಾದ ಎಷ್ಟೋ ವಾರಗಳ ಮೇಲೆ.

ಇನ್ನು ಆಸ್ಪಿರಿನ್. ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ಥ್ರಾಂಬಾಕ್ಸೇನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ರಕ್ತನಾಳದ ಗೋಡೆಯೋ ಪ್ರೊಸ್ಟಾಸೈಕ್ಲಿನ್ ಎಂಬ ಇನ್ನೊಂದನ್ನು ತಯಾರಿಸುತ್ತದೆ. ಇದು ಸಡಿಲ ಮಾಡುವ ವಸ್ತು. ಪ್ರಿಎಕ್ಲಾಂಪ್ಸಿಯಾದಲ್ಲಿ ತಕ್ಕಡಿ ಬಿಗಿ ಮಾಡುವ ಕಡೆ ವಾಲಿರುತ್ತದೆ. ಕಡಿಮೆ ಡೋಸ್ ಆಸ್ಪಿರಿನ್ ಪ್ಲೇಟ್‌ಲೆಟ್‌ನ ಕಾರ್ಖಾನೆಯನ್ನು ಮುಚ್ಚಿಸುತ್ತದೆ, ರಕ್ತನಾಳದ್ದನ್ನು ಹೆಚ್ಚು ಮುಟ್ಟುವುದಿಲ್ಲ. ಪ್ಲೇಟ್‌ಲೆಟ್‌ಗೆ ಜೀವಕೇಂದ್ರ ಇಲ್ಲದ ಕಾರಣ ಥ್ರಾಂಬಾಕ್ಸೇನ್ ತಯಾರಿಸಲು ಬೇಕಾದ ಕಿಣ್ವವನ್ನು (ಎನ್ಜೈಮ್) ಹೊಸದಾಗಿ ಮಾಡಿಕೊಳ್ಳಲು ಆಗುವುದಿಲ್ಲ. ಒಮ್ಮೆ ಕೆಟ್ಟರೆ ಅದರ ಆಯಸ್ಸು ಮುಗಿಯುವವರೆಗೂ, ಅಂದರೆ 7ರಿಂದ 10 ದಿನ, ಹಾಗೇ ಇರುತ್ತದೆ. ಆಸ್ಪಿರಿನ್ ಈ ಜಾತಿಯ ವಸ್ತುಗಳ ತಯಾರಿಕೆಯನ್ನೇ ತಡೆಯುತ್ತದೆಂದು 1971ರಲ್ಲಿ ತೋರಿಸಿದ ಬ್ರಿಟನ್‌ನ ವಿಜ್ಞಾನಿ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು. ಮಾಸಿನ ಮೇಲೆ ಆಸ್ಪಿರಿನ್‌ಗೆ ಬೇರೆ ಪರಿಣಾಮಗಳೂ ಇರಬಹುದು ಎನ್ನುತ್ತಾರೆ, ಆ ಅಧ್ಯಯನ ಇನ್ನೂ ನಡೆಯುತ್ತಿದೆ.

ಹಾಗಾದರೆ ಎಲ್ಲ ಬಸುರಿಯರೂ ತಗೊಂಡರೆ ಒಳ್ಳೆಯದಲ್ವಾ?

ಹಾಗೆ ವಾದಿಸುವವರು ಇದ್ದಾರೆ. ಆದರೆ ಈಗಿರುವ ಮುಖ್ಯ ಸಲಹೆಗಳೆಲ್ಲ ಅಪಾಯ ಜಾಸ್ತಿ ಇರುವವರಿಗೆ ಕೊಡಿ ಎನ್ನುತ್ತವೆ. ಇವುಗಳಲ್ಲಿ ಒಂದಿದ್ದರೂ ಡಾಕ್ಟರು ಸಾಮಾನ್ಯವಾಗಿ ಆಸ್ಪಿರಿನ್ ಮಾತು ತೆಗೆಯುತ್ತಾರೆ:

- ಹಿಂದಿನ ಬಸಿರಿನಲ್ಲಿ ಪ್ರಿಎಕ್ಲಾಂಪ್ಸಿಯಾ ಆಗಿದ್ದರೆ
- ಬಸಿರಾಗುವ ಮೊದಲೇ ಬಿಪಿ ಇದ್ದರೆ
- ಬಸಿರಾಗುವ ಮೊದಲೇ ಸಕ್ಕರೆ ಕಾಯಿಲೆ ಇದ್ದರೆ, ಟೈಪ್ 1 ಆಗಲಿ ಟೈಪ್ 2 ಆಗಲಿ
- ಕಿಡ್ನಿ ಕಾಯಿಲೆ ಇದ್ದರೆ
- ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ), ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್‌ (ಅದೇ ಥರದ್ದು, ಇದರಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ) ಇಂಥ ಕಾಯಿಲೆ ಇದ್ದರೆ
- ಹೊಟ್ಟೆಯಲ್ಲಿ ಅವಳಿ ಅಥವಾ ತ್ರಿವಳಿ ಇದ್ದರೆ (ಬ್ರಿಟನ್‌ನ ಸಲಹೆಯಲ್ಲಿ ಇದು ಮುಂದಿನ ಗುಂಪಿಗೆ ಸೇರುತ್ತದೆ)

ಇನ್ನೊಂದು ಗುಂಪಿನ ಕಾರಣಗಳು ಒಂಟಿಯಾಗಿದ್ದರೆ ಅಷ್ಟು ಭಾರ ಇಲ್ಲ, ಎರಡು ಸೇರಿದರೆ ಲೆಕ್ಕಕ್ಕೆ ಬರುತ್ತವೆ. ಮೊದಲ ಬಸಿರು, ವಯಸ್ಸು 35 ದಾಟಿರುವುದು, ತೂಕ ಜಾಸ್ತಿ ಇರುವುದು, ತಾಯಿಗೋ ಅಕ್ಕತಂಗಿಯರಿಗೋ ಪ್ರಿಎಕ್ಲಾಂಪ್ಸಿಯಾ ಆಗಿರುವುದು, ಹಿಂದಿನ ಹೆರಿಗೆ ಆಗಿ 10 ವರ್ಷ ಕಳೆದಿರುವುದು, ಐವಿಎಫ್‌ನಿಂದ ನಿಂತ ಬಸಿರು. ವಯಸ್ಸು, ತೂಕಗಳ ಗೆರೆ ಎಲ್ಲ ಕಡೆ ಒಂದೇ ಇಲ್ಲ. ಅಮೆರಿಕದ ಸಲಹೆಯಲ್ಲಿ 35 ವರ್ಷ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 30. ಬ್ರಿಟನ್‌ನಲ್ಲಿ 40 ವರ್ಷ, ಬಿಎಂಐ 35.

ಕೆಲವು ಕಡೆ ಬರೀ ಪಟ್ಟಿ ನೋಡಿ ಬಿಡುವುದಿಲ್ಲ. 11ರಿಂದ 13 ವಾರದ ಸ್ಕ್ಯಾನ್ ಹೊತ್ತಿಗೆ ಎರಡೂ ಕೈಯ ಬಿಪಿ, ಗರ್ಭಕೋಶದ ರಕ್ತನಾಳದಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ಮಾಸಿನಿಂದ ಬರುವ ಒಂದು ಪ್ರೋಟೀನನ್ನು ಅಳೆಯುವ ಪಿಎಲ್‌ಜಿಎಫ್ ಎಂಬ ರಕ್ತ ಪರೀಕ್ಷೆ ಎಲ್ಲ ಸೇರಿಸಿ ಅಪಾಯದ ಲೆಕ್ಕ ಹಾಕುತ್ತಾರೆ. ಪಟ್ಟಿಗಿಂತ ಇದು ಹೆಚ್ಚು ನಿಖರ. ಅದು ಸಿಗದಿದ್ದರೆ ಪಟ್ಟಿಯೂ ಕೆಲಸಕ್ಕೆ ಬರುತ್ತದೆ. ಒಂದೇ ಒಂದು ಮಾತು: ನಿಮ್ಮ ಅಮ್ಮನನ್ನು ಕೇಳಿ. "ನಿನಗೆ ಬಸಿರಿನಲ್ಲಿ ಬಿಪಿ ಇತ್ತಾ?" ಎಂದು ಕೇಳಿದವರು ನಮ್ಮಲ್ಲಿ ಕಡಿಮೆ. ನಾನು ಕೇಳಿದ್ದು ಎಲ್ಲ ಮುಗಿದ ಮೇಲೆ. ಇತ್ತಂತೆ.

ನಿಜವಾಗಿ ಎಷ್ಟು ಉಪಯೋಗ? ಲೆಕ್ಕದಲ್ಲಿ ಹೇಳಿ.

ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು. ಯಾಕೆಂದರೆ ಈ ಮಾತ್ರೆಯ ಮೇಲಿನ ನಂಬಿಕೆ ಒಂದು ಕಾಲಕ್ಕೆ ಏರಿ, ಬಿದ್ದು, ಮತ್ತೆ ಎದ್ದಿದೆ.

1979ರಲ್ಲಿ ಒಂದು ಚಿಕ್ಕ ವರದಿ ಬಂತು. ಬಸಿರಿನಲ್ಲಿ ಬೇರೆ ಕಾರಣಕ್ಕೆ ಆಗಾಗ ಆಸ್ಪಿರಿನ್ ನುಂಗಿದ್ದ ಹೆಂಗಸರಲ್ಲಿ ಪ್ರಿಎಕ್ಲಾಂಪ್ಸಿಯಾ ಕಡಿಮೆ ಕಂಡಿತ್ತು. ಎಂಬತ್ತರ ದಶಕದ ಸಣ್ಣ ಪ್ರಯೋಗಗಳು ಆಸೆ ಹುಟ್ಟಿಸಿದವು. 1994ರಲ್ಲಿ ಕ್ಲಾಸ್ಪ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿ 9,364 ಹೆಂಗಸರಿದ್ದರು, ಡೋಸ್ 60 ಮಿಲಿಗ್ರಾಂ. ಲಾಭ ಗಟ್ಟಿಯಾಗಿ ಕಾಣಲಿಲ್ಲ. ಎಷ್ಟೋ ಜನ ಆಸ್ಪಿರಿನ್‌ನ ಕಥೆ ಮುಗಿಯಿತು ಎಂದುಕೊಂಡರು. ಆದರೆ ಆ ಪ್ರಯೋಗದಲ್ಲಿ ಕೆಲವರಿಗೆ ಮಾತ್ರೆ ಶುರುವಾದದ್ದೇ ಬಸಿರಿನ ಕೊನೆಯ ತಿಂಗಳುಗಳಲ್ಲಿ. ರಸ್ತೆ ಕಟ್ಟಿ ಮುಗಿದ ಮೇಲೆ ಕೂಲಿಯವರನ್ನು ಕಳಿಸಿದ ಹಾಗೆ.

2017ರಲ್ಲಿ ಆಸ್ಪ್ರೆ ಎಂಬ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಸ್ಕ್ರೀನಿಂಗ್‌ನಲ್ಲಿ ಅಪಾಯ ಜಾಸ್ತಿ ಎಂದು ಕಂಡ 1,776 ಹೆಂಗಸರನ್ನು ಆರಿಸಿ, 11ರಿಂದ 14ನೇ ವಾರದಲ್ಲಿ ಶುರು ಮಾಡಿ, 36ನೇ ವಾರದವರೆಗೆ ಪ್ರತಿ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಅಥವಾ ಅದರಂತೆಯೇ ಕಾಣುವ ಖಾಲಿ ಮಾತ್ರೆ ಕೊಟ್ಟರು. 37 ವಾರ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಪ್ರಿಎಕ್ಲಾಂಪ್ಸಿಯಾ ಖಾಲಿ ಮಾತ್ರೆಯವರಲ್ಲಿ 4.3%, ಆಸ್ಪಿರಿನ್‌ನವರಲ್ಲಿ 1.6%. ಅಂದರೆ ಅರ್ಧಕ್ಕಿಂತಲೂ ಕಡಿಮೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಖಾಲಿ ಮಾತ್ರೆ ತಗೊಂಡವರಲ್ಲೂ 100ಕ್ಕೆ 95 ಜನರಿಗೆ ಈ ಬೇಗ ಬರುವ ತೊಂದರೆ ಬರಲಿಲ್ಲ. ಹಾಗಾಗಿ "ನಿಮಗೆ ಅಪಾಯ ಜಾಸ್ತಿ" ಎಂದು ಚೀಟಿಯಲ್ಲಿ ಬರೆದರೆ ನಿದ್ದೆ ಕೆಡಿಸಿಕೊಳ್ಳಬೇಡಿ. ಎರಡು, 37 ವಾರದ ನಂತರ ಬರುವ ಪ್ರಿಎಕ್ಲಾಂಪ್ಸಿಯಾ ಆಸ್ಪಿರಿನ್‌ನಿಂದ ಅಷ್ಟೇನೂ ಕಡಿಮೆಯಾಗಲಿಲ್ಲ. ಹಾಗಂತ ಮಾತ್ರೆ ದಂಡ ಅಲ್ಲ. ಬೇಗ ಬರುವುದೇ ತಾಯಿಗೂ ಮಗುವಿಗೂ ಹೆಚ್ಚು ಅಪಾಯದ್ದು. 34ನೇ ವಾರದಲ್ಲಿ ಹುಟ್ಟುವುದಕ್ಕೂ 38ರಲ್ಲಿ ಹುಟ್ಟುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಿದವರಿಗೆ ಗೊತ್ತು.

2020ರಲ್ಲಿ ಇನ್ನೊಂದು ದೊಡ್ಡ ಪ್ರಯೋಗದ ವರದಿ ಬಂತು. ಭಾರತ, ಪಾಕಿಸ್ತಾನ, ಕೀನ್ಯಾ, ಜಾಂಬಿಯಾ, ಕಾಂಗೋ, ಗ್ವಾಟೆಮಾಲಾಗಳಲ್ಲಿ ಮೊದಲ ಬಾರಿ ತಾಯಿಯಾಗುತ್ತಿದ್ದ ಸುಮಾರು 12 ಸಾವಿರ ಹೆಂಗಸರಿದ್ದರು. ಡೋಸ್ 81 ಮಿಲಿಗ್ರಾಂ. ದಿನ ತುಂಬುವ ಮೊದಲು ಆಗುವ ಹೆರಿಗೆ 13.1%ರಿಂದ 11.6%ಕ್ಕೆ ಇಳಿಯಿತು. ದೊಡ್ಡ ಇಳಿತ ಅಲ್ಲ. ಆದರೆ ಮಾತ್ರೆಯ ಬೆಲೆ ನೋಡಿದರೆ ಸಣ್ಣದೂ ಅಲ್ಲ.

ಯಾವಾಗ ಶುರು ಮಾಡಬೇಕು?

12 ವಾರ ಆದ ಮೇಲೆ, 16 ವಾರದ ಒಳಗೆ. ಹೆಚ್ಚಿನ ಕಡೆ ಇದೇ ಮಾತು. ಮೇಲೆ ಹೇಳಿದ ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿರುವಾಗಲೇ ಮಾತ್ರೆ ಒಳಗಿರಬೇಕು. ಐದನೇ ತಿಂಗಳ ಸ್ಕ್ಯಾನ್‌ಗೆ ಹೋದಾಗ ಕೇಳೋಣ ಎಂದು ಕೂತರೆ ಒಳ್ಳೆಯ ಹೊತ್ತು ಕಳೆದುಹೋಗಿರುತ್ತದೆ. ಹಿಂದಿನ ಸಲ ತೊಂದರೆ ಆಗಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಡಾಕ್ಟರು ಕೇಳದಿದ್ದರೂ ಹೇಳಿ. ಹಳೆಯ ಡಿಸ್ಚಾರ್ಜ್ ಕಾರ್ಡ್ ಇದ್ದರೆ ತಗೊಂಡು ಹೋಗಿ.

ನನಗೆ ಈಗಾಗಲೇ 20 ವಾರ. ತಡವಾಯಿತಾ?

ಒಳ್ಳೆಯ ಸಮಯ ದಾಟಿದೆ, ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಅಮೆರಿಕದ ಸಲಹೆಯಲ್ಲಿ 28 ವಾರದವರೆಗೂ ಶುರು ಮಾಡಬಹುದು ಎಂದಿದೆ. ಲಾಭ ಕಡಿಮೆಯಾಗಬಹುದು. ಮುಂದಿನ ಭೇಟಿಯವರೆಗೆ ಕಾಯದೆ ಕೇಳಿಬಿಡಿ.

ಒಬ್ಬ ಡಾಕ್ಟರು 75 ಬರೆದಿದ್ದಾರೆ, ಅಕ್ಕನ ಡಾಕ್ಟರು 150. ಯಾರದ್ದು ಸರಿ?

ಇಬ್ಬರದ್ದೂ ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆ 75 ಮಿಲಿಗ್ರಾಂ ಹೇಳುತ್ತದೆ. ಅಮೆರಿಕದಲ್ಲಿ 81, ಯಾಕೆಂದರೆ ಅಲ್ಲಿ ಸಿಗುವ ಚಿಕ್ಕ ಮಾತ್ರೆಯೇ ಅದು. ಬ್ರಿಟನ್‌ನ ಸಲಹೆಯಲ್ಲಿ 75ರಿಂದ 150. ಆಸ್ಪ್ರೆ ಪ್ರಯೋಗದ ನಂತರ 150ರ ಕಡೆ ವಾಲಿದವರು ಜಾಸ್ತಿಯಾಗಿದ್ದಾರೆ. 100 ಮಿಲಿಗ್ರಾಂಗಿಂತ ಕಡಿಮೆ ಡೋಸ್ ಕೆಲವರಿಗೆ, ಅದರಲ್ಲೂ ತೂಕ ಜಾಸ್ತಿ ಇರುವವರಿಗೆ, ಸಾಲದೇ ಇರಬಹುದು ಎಂಬ ವಾದವೂ ಇದೆ. ಇದು ಇನ್ನೂ ಇತ್ಯರ್ಥವಾಗದ ಚರ್ಚೆ.

ನೀವು ಮಾಡಬಾರದ್ದು ಒಂದೇ: ಅಕ್ಕನದು 150 ಎಂದು ನಿಮ್ಮ 75ನ್ನು ನೀವೇ ಎರಡು ಮಾಡಿಕೊಳ್ಳುವುದು. "ನನಗೆ ಈ ಡೋಸ್ ಯಾಕೆ?" ಎಂದು ಕೇಳಿ. ಕೇಳಿದ್ದಕ್ಕೆ ಸಿಡುಕುವ ಡಾಕ್ಟರು ಸಿಕ್ಕರೆ, ತಪ್ಪು ನಿಮ್ಮದಲ್ಲ.

ಬೆಳಗ್ಗೆ ತಗೊಳ್ಳಬೇಕಾ, ರಾತ್ರಿಯಾ? ಖಾಲಿ ಹೊಟ್ಟೆಯಲ್ಲಿ ಆಗುತ್ತಾ?

ರಾತ್ರಿ ಮಲಗುವ ಮೊದಲು ತಗೊಂಡರೆ ಸ್ವಲ್ಪ ಹೆಚ್ಚು ಲಾಭ ಎಂದು ಕೆಲವು ಅಧ್ಯಯನಗಳು ಸೂಚಿಸಿವೆ. ಹಾಗಾಗಿ ಹಲವರು ರಾತ್ರಿಗೇ ಬರೆಯುತ್ತಾರೆ. ಆದರೆ ರಾತ್ರಿ ನಿಮಗೆ ನೆನಪೇ ಇರದಿದ್ದರೆ ಬೆಳಗ್ಗೆ ತಪ್ಪದೆ ತಗೊಳ್ಳುವುದೇ ಮೇಲು. ಊಟದ ಜೊತೆ ಅಥವಾ ಊಟ ಆದ ಮೇಲೆ ತಗೊಂಡರೆ ಹೊಟ್ಟೆ ಉರಿಯುವುದು ಕಡಿಮೆ.

ಮೇಲೆ ಲೇಪನ ಇರುವ ಮಾತ್ರೆ ಆದರೆ ಹಾಗೇ ನುಂಗಿ. ಅದನ್ನು ಮುರಿದರೆ, ಪುಡಿ ಮಾಡಿದರೆ ಲೇಪನ ಹಾಕಿದ ಉದ್ದೇಶವೇ ಹೋಯಿತು. ನೀರಿನಲ್ಲಿ ಕರಗುವ ಮಾತ್ರೆ ಆದರೆ ಕರಗಿಸಿ ಕುಡಿಯಿರಿ. ಯಾವ ಥರದ್ದು ಎಂದು ಮಾತ್ರೆಯ ಸ್ಟ್ರಿಪ್ ಮೇಲೇ ಬರೆದಿರುತ್ತದೆ.

ಒಂದು ದಿನ ಮರೆತೆ. ಏನಾದರೂ ಆಗುತ್ತಾ?

ಇಲ್ಲ. ಅದೇ ದಿನ ನೆನಪಾದರೆ ತಗೊಳ್ಳಿ. ಮರುದಿನದ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ. ನಿನ್ನೆಯ ಮಾತ್ರೆ ಮುಟ್ಟಿದ ಪ್ಲೇಟ್‌ಲೆಟ್‌ಗಳು ಇನ್ನೂ ಹಾಗೇ ಇವೆ.

ಆದರೆ ಮರೆಯುವುದೇ ಅಭ್ಯಾಸವಾದರೆ ಬೇರೆ ಮಾತು. ದಿನವೂ ಹೊಸ ಪ್ಲೇಟ್‌ಲೆಟ್‌ಗಳು ಹುಟ್ಟುತ್ತಿರುತ್ತವೆ, ಅವಕ್ಕೆ ಔಷಧಿ ಮುಟ್ಟಿರುವುದಿಲ್ಲ. ಆಸ್ಪ್ರೆ ಪ್ರಯೋಗದಲ್ಲೇ 90% ಅಥವಾ ಅದಕ್ಕಿಂತ ಹೆಚ್ಚು ಮಾತ್ರೆ ನುಂಗಿದವರಿಗೆ ಉಳಿದವರಿಗಿಂತ ಲಾಭ ಬಹಳ ಜಾಸ್ತಿ ಇತ್ತು. ನಾನು ಶುರುವಿನಲ್ಲಿ ವಾರಕ್ಕೆ ಎರಡು ಸಲವಾದರೂ ಮರೆಯುತ್ತಿದ್ದೆ. ಮೈಯಲ್ಲಿ ಏನೂ ತೊಂದರೆ ಇಲ್ಲದಿದ್ದಾಗ ಮಾತ್ರೆ ನೆನಪಾಗುವುದು ಕಷ್ಟ. ಕೊನೆಗೆ ಹಲ್ಲುಜ್ಜುವ ಬ್ರಷ್ ಪಕ್ಕ ಇಟ್ಟೆ. ಆಮೇಲೆ ತಪ್ಪಲಿಲ್ಲ.

ಮಗುವಿಗೆ ತೊಂದರೆ ಇಲ್ವಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನೂ ಕೇಳಿದ್ದೆ. ಸಾವಿರಾರು ಹೆಂಗಸರ ಮೇಲೆ ನಡೆದ ಪ್ರಯೋಗಗಳಲ್ಲಿ ಈ ಡೋಸ್‌ನಿಂದ ಮಗುವಿಗೆ ಅಂಗದೋಷವಾಗಲಿ, ಮೆದುಳಿನಲ್ಲಿ ರಕ್ತಸ್ರಾವವಾಗಲಿ ಜಾಸ್ತಿಯಾದದ್ದು ಕಂಡಿಲ್ಲ. ಕ್ಲಾಸ್ಪ್ ಪ್ರಯೋಗದ ಮಕ್ಕಳನ್ನು 12ರಿಂದ 18 ತಿಂಗಳಾಗುವವರೆಗೆ ಗಮನಿಸಿದರು, ಬೆಳವಣಿಗೆಯಲ್ಲಿ ಕೊರತೆ ಕಾಣಲಿಲ್ಲ.

ಆದರೆ ಪೊಟ್ಟಣದ ಒಳಗಿನ ಚೀಟಿಯಲ್ಲಿ "ಗರ್ಭಿಣಿಯರು ತೆಗೆದುಕೊಳ್ಳಬಾರದು" ಎಂದಿದೆಯಲ್ಲ!

ಆ ಎಚ್ಚರಿಕೆ ಸುಳ್ಳಲ್ಲ, ಅದು ನೋವಿಗೆ ತಗೊಳ್ಳುವ ದೊಡ್ಡ ಡೋಸ್ ಬಗ್ಗೆ. ಮಗುವಿನ ಹೃದಯದ ಹತ್ತಿರ ಒಂದು ರಕ್ತನಾಳ ಇರುತ್ತದೆ. ಹುಟ್ಟುವವರೆಗೆ ಅದು ತೆರೆದೇ ಇರಬೇಕು. ಬಸಿರಿನ ಕೊನೆಯ ಭಾಗದಲ್ಲಿ ಆಸ್ಪಿರಿನ್‌ನ ದೊಡ್ಡ ಡೋಸ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಅದನ್ನು ಬೇಗ ಮುಚ್ಚಿಸಬಹುದು. ಮಗುವಿನ ಕಿಡ್ನಿಗೂ ತೊಂದರೆ ಮಾಡಿ ಗರ್ಭದ ನೀರು ಕಡಿಮೆ ಮಾಡಬಹುದು. 20 ವಾರದ ನಂತರ ಇಂಥ ಮಾತ್ರೆಗಳು ಬೇಡ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಎಚ್ಚರಿಸಿತು. ಅದೇ ಎಚ್ಚರಿಕೆಯಲ್ಲಿ, ಡಾಕ್ಟರು ಹೇಳಿ ಕೊಡುವ 81 ಮಿಲಿಗ್ರಾಂ ಆಸ್ಪಿರಿನ್‌ಗೆ ಇದು ಅನ್ವಯಿಸುವುದಿಲ್ಲ ಎಂದೂ ಸ್ಪಷ್ಟವಾಗಿ ಬರೆದಿದೆ. ಆ ಸಾಲನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ರಕ್ತ ತೆಳುವಾಗಿ ಹೆರಿಗೆಯಲ್ಲಿ ಸಿಕ್ಕಾಪಟ್ಟೆ ರಕ್ತ ಹೋಗುತ್ತಾ?

"ರಕ್ತ ತೆಳು ಮಾಡುವ ಮಾತ್ರೆ" ಎಂಬ ಹೆಸರೇ ಅರ್ಧ ಭಯಕ್ಕೆ ಕಾರಣ. ರಕ್ತ ನೀರಾಗುವುದಿಲ್ಲ. ಪ್ಲೇಟ್‌ಲೆಟ್‌ಗಳ ಅಂಟು ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಹೆಚ್ಚಿನ ಪ್ರಯೋಗಗಳಲ್ಲಿ ದೊಡ್ಡ ರಕ್ತಸ್ರಾವ ಜಾಸ್ತಿಯಾಗಿಲ್ಲ. ಆದರೆ ಸ್ವೀಡನ್‌ನಲ್ಲಿ ಹೆರಿಗೆಯ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ಒಂದು ದೊಡ್ಡ ಅಧ್ಯಯನದಲ್ಲಿ, ಆಸ್ಪಿರಿನ್ ತಗೊಂಡವರಿಗೆ ಹೆರಿಗೆಯ ಹೊತ್ತಿನಲ್ಲಿ ಮತ್ತು ಆಮೇಲೆ ರಕ್ತ ಹೋಗುವುದು ಸ್ವಲ್ಪ ಜಾಸ್ತಿ ಕಂಡಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಅಪಾಯವೇ ಇಲ್ಲದವರು ಸುಮ್ನೆ ಈ ಮಾತ್ರೆ ನುಂಗಬಾರದು ಎನ್ನುವುದೂ ಇದಕ್ಕೇ. ಅಪಾಯ ಇರುವವರಿಗೆ ಲಾಭದ ತಟ್ಟೆಯೇ ಭಾರ.

ದಿನನಿತ್ಯ ಕಾಣುವ ತೊಂದರೆ ಚಿಕ್ಕವು: ಎದೆಯುರಿ, ಹೊಟ್ಟೆ ತೊಳಸು, ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಒಮ್ಮೊಮ್ಮೆ ಮೂಗಿನಲ್ಲಿ ರಕ್ತ, ಬೇಗ ಕಲೆಗಟ್ಟುವ ಚರ್ಮ. ಇವುಗಳಲ್ಲಿ ಅರ್ಧ ಬಸಿರಿಗೇ ಬರುವಂಥವು, ಆಸ್ಪಿರಿನ್ ಇರಲಿ ಬಿಡಲಿ. ಮಲ ಡಾಂಬರಿನ ಹಾಗೆ ಕಪ್ಪಗಿದ್ದರೆ, ವಾಂತಿಯಲ್ಲಿ ರಕ್ತ ಬಂದರೆ, ಕೆಳಗಿನಿಂದ ರಕ್ತ ಹೋದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದು ಜಿಗುಟಾಗಿ, ಕೆಟ್ಟ ವಾಸನೆ ಇದ್ದರೆ ತೋರಿಸಲೇಬೇಕು.

ಯಾರು ತಗೊಳ್ಳಲೇಬಾರದು?

ಆಸ್ಪಿರಿನ್ ಅಥವಾ ಅದೇ ಜಾತಿಯ ನೋವಿನ ಮಾತ್ರೆಗಳಿಗೆ ಅಲರ್ಜಿ ಇರುವವರು. ಆಸ್ಪಿರಿನ್ ತಗೊಂಡರೆ ಉಬ್ಬಸ ಏಳುವವರು. ಮೂಗಿನಲ್ಲಿ ಪಾಲಿಪ್ (ಒಳಗೆ ಬೆಳೆಯುವ ಮೆತ್ತನೆಯ ಗಂಟು) ಮತ್ತು ಅಸ್ತಮಾ ಎರಡೂ ಇದ್ದರೆ ಇದನ್ನು ಮರೆಯದೆ ಹೇಳಿ. ಹೊಟ್ಟೆಯಲ್ಲಿ ಹುಣ್ಣು ಇರುವವರು ಅಥವಾ ಅದರಿಂದ ರಕ್ತ ಹೋಗಿದ್ದವರು, ರಕ್ತ ಹೆಪ್ಪುಗಟ್ಟದ ಕಾಯಿಲೆ ಇರುವವರು, ಪ್ಲೇಟ್‌ಲೆಟ್ ತೀರಾ ಕಡಿಮೆ ಇರುವವರು, ಲಿವರ್ ಕಾಯಿಲೆ ಜೋರಾಗಿರುವವರು. ಅಸ್ತಮಾ ಇದ್ದವರೆಲ್ಲ ಬಿಡಬೇಕೆಂದಿಲ್ಲ. ಹಿಂದೆ ಆಸ್ಪಿರಿನ್ ತಗೊಂಡು ಏನೂ ಆಗಿಲ್ಲವೆಂದರೆ ಡಾಕ್ಟರು ಸಾಮಾನ್ಯವಾಗಿ ಒಪ್ಪುತ್ತಾರೆ.

ಬೇರೆ ಮಾತ್ರೆಗಳ ಜೊತೆ ತಗೊಳ್ಳಬಹುದಾ?

ಕಬ್ಬಿಣ, ಕ್ಯಾಲ್ಸಿಯಂ, ಫೋಲಿಕ್ ಆಸಿಡ್, ಥೈರಾಯ್ಡ್ ಮಾತ್ರೆ, ಇನ್ಸುಲಿನ್, ಬಿಪಿ ಮಾತ್ರೆ ಇವಕ್ಕೆಲ್ಲ ಆಸ್ಪಿರಿನ್‌ನಿಂದ ಅಡ್ಡಿ ಇಲ್ಲ. ಆದರೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಂದಕ್ಕೊಂದು ಅಡ್ಡ ಬರುತ್ತವೆ, ಅವೆರಡನ್ನು ಬೇರೆ ಬೇರೆ ಹೊತ್ತಿಗೆ ತಗೊಳ್ಳಿ. ಜ್ವರ, ತಲೆನೋವಿಗೆ ಪ್ಯಾರಾಸಿಟಮಾಲ್. ಐಬುಪ್ರೊಫೆನ್ ಬೇಡ. ಅದು ಬಸಿರಿಗೂ ಒಳ್ಳೆಯದಲ್ಲ, ಆಸ್ಪಿರಿನ್‌ನ ಕೆಲಸಕ್ಕೂ ಕಲ್ಲು ಹಾಕುತ್ತದೆ. ಹೆಪಾರಿನ್ ಇಂಜೆಕ್ಷನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವುದು), ಖಿನ್ನತೆಯ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಕೆಲವರಿಗೆ ಬೇಕೆಂದೇ ಹೆಪಾರಿನ್ ಮತ್ತು ಆಸ್ಪಿರಿನ್ ಎರಡೂ ಕೊಡುತ್ತಾರೆ.

ಗರ್ಭಪಾತ ಆಗದಿರಲಿ ಎಂದು ತಗೊಳ್ಳಬಹುದಾ?

ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಇದೆ ಎಂದು ಪರೀಕ್ಷೆಯಲ್ಲಿ ಕಂಡಿದ್ದರೆ ಹೌದು, ಹೆಪಾರಿನ್ ಜೊತೆ ಕೊಡುತ್ತಾರೆ. ಕಾರಣ ತಿಳಿಯದ ಗರ್ಭಪಾತಗಳಿಗೆ ಆಸ್ಪಿರಿನ್ ಉಪಯೋಗವಾಗಿಲ್ಲ ಎಂದು 2010ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಮಗು ಕಳೆದುಕೊಂಡವರಿಗೆ ಏನಾದರೂ ಮಾಡಬೇಕು ಅನ್ನಿಸುತ್ತದೆ, ಅದು ಅರ್ಥವಾಗುತ್ತದೆ. ಆದರೆ ಈ ಮಾತ್ರೆ ಆ ಕೆಲಸದ್ದಲ್ಲ.

ಮಾತ್ರೆ ತಗೊಳ್ಳುತ್ತಿದ್ದರೂ ಬಿಪಿ ಏರಿದೆ. ಡೋಸ್ ಜಾಸ್ತಿ ಮಾಡಲಾ?

ಬೇಡ. ಆಸ್ಪಿರಿನ್ ಬಿಪಿ ಇಳಿಸುವ ಮಾತ್ರೆ ಅಲ್ಲ, ಬಂದ ಪ್ರಿಎಕ್ಲಾಂಪ್ಸಿಯಾಕ್ಕೆ ಔಷಧಿಯೂ ಅಲ್ಲ. ಬಿಪಿ ಏರಿದರೆ ಲ್ಯಾಬೆಟಲಾಲ್, ನಿಫೆಡಿಪಿನ್, ಮಿಥೈಲ್‌ಡೋಪಾದಂಥವು ಬೇಕಾಗುತ್ತವೆ. ಯಾವುದು ಎಂದು ಡಾಕ್ಟರೇ ನೋಡಬೇಕು. ಅದಕ್ಕಿಂತ ದೊಡ್ಡ ತಪ್ಪೆಂದರೆ "ಆಸ್ಪಿರಿನ್ ತಗೊಳ್ಳುತ್ತಿದ್ದೇನಲ್ಲ" ಎಂದು ಬಿಪಿ ನೋಡಿಸುವುದನ್ನೇ ತಪ್ಪಿಸುವುದು. ಮಾತ್ರೆ ಅಪಾಯ ಕಡಿಮೆ ಮಾಡುತ್ತದೆ, ಇಲ್ಲದಂತೆ ಮಾಡುವುದಿಲ್ಲ.

ಯಾವ ಲಕ್ಷಣ ಕಂಡರೆ ಓಡಬೇಕು?

ಪ್ಯಾರಾಸಿಟಮಾಲ್‌ಗೂ ಬಗ್ಗದ ತಲೆನೋವು. ಕಣ್ಣು ಮಂಜಾಗುವುದು, ಕಣ್ಣ ಮುಂದೆ ಮಿಂಚಿದ ಹಾಗಾಗುವುದು. ಪಕ್ಕೆಲುಬಿನ ಕೆಳಗೆ, ಅದರಲ್ಲೂ ಬಲಗಡೆ, ನೋವು. ಗ್ಯಾಸ್ಟ್ರಿಕ್ ಎಂದು ಎಷ್ಟೋ ಜನ ಮೋಸ ಹೋಗುವುದು ಇಲ್ಲೇ. ಮುಖ, ಕೈ ಇದ್ದಕ್ಕಿದ್ದ ಹಾಗೆ ಊದುವುದು. ಉಸಿರು ಕಟ್ಟುವುದು. ಮಗು ಹೊರಳಾಡುವುದು ಕಡಿಮೆಯಾಗುವುದು. ಮನೆಯಲ್ಲಿ ಬಿಪಿ ನೋಡಿಕೊಳ್ಳುವವರಾದರೆ 140/90 ಕಂಡರೆ ಅವತ್ತೇ ಫೋನ್ ಮಾಡಿ. 160/110 ಕಂಡರೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೊರಡಿ.

ಹೆರಿಗೆ ಆದ ಮೇಲೂ ಆರು ವಾರ ಇದೇ ಎಚ್ಚರ ಇರಲಿ. ಹೆರಿಗೆಯ ನಂತರ ಮೊದಲ ಬಾರಿ ಕಾಣಿಸಿಕೊಳ್ಳುವ ಪ್ರಿಎಕ್ಲಾಂಪ್ಸಿಯಾವೂ ಇದೆ. ಆಗ ಮನೆಯವರ ಕಣ್ಣೆಲ್ಲ ಮಗುವಿನ ಮೇಲೆ, ತಾಯಿಯ ತಲೆನೋವನ್ನು ನಿದ್ದೆಗೇಡು ಎಂದು ಬಿಡುತ್ತಾರೆ.

ಯಾವಾಗ ನಿಲ್ಲಿಸಬೇಕು?

ಕೆಲವರು 36 ವಾರಕ್ಕೆ ನಿಲ್ಲಿಸುತ್ತಾರೆ, ಕೆಲವರು ಹೆರಿಗೆಯವರೆಗೂ ಮುಂದುವರಿಸುತ್ತಾರೆ. ಎರಡೂ ನಡೆಯುತ್ತದೆ. ನಿಮ್ಮ ಡಾಕ್ಟರದ್ದು ಯಾವ ಪದ್ಧತಿ ಎಂದು ಶುರುವಿನಲ್ಲೇ ಕೇಳಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ನನ್ನ ಕಾರ್ಡಿನಲ್ಲಿ ಬರೆದಿರಲಿಲ್ಲ. 37ನೇ ವಾರದಲ್ಲಿ ಕೇಳಿದಾಗ "ಅಯ್ಯೋ, ಇನ್ನೂ ತಗೊಳ್ತಿದ್ದೀರಾ?" ಎಂದರು. ಏನೂ ಆಗಲಿಲ್ಲ, ಆದರೆ ಅವತ್ತು ರಾತ್ರಿ ನಾನು ಮಲಗಲಿಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಡುವಾಗ, ಸಿಸೇರಿಯನ್ ಆದರೆ ತೊಂದರೆ ಇದೆಯಾ?

ಕಡಿಮೆ ಡೋಸ್ ಆಸ್ಪಿರಿನ್ ಒಂದೇ ಇದ್ದರೆ ಎಪಿಡ್ಯೂರಲ್‌ಗೂ ಸ್ಪೈನಲ್‌ಗೂ ಅದು ಅಡ್ಡಿಯಲ್ಲ. ಹೆಪಾರಿನ್ ಕೂಡ ಇದ್ದರೆ ಕೊನೆಯ ಇಂಜೆಕ್ಷನ್ ಯಾವಾಗ ಆಯಿತು ಎಂಬ ಲೆಕ್ಕ ಬೇಕಾಗುತ್ತದೆ. ಆಸ್ಪತ್ರೆಗೆ ಸೇರುವಾಗ ಎಲ್ಲ ಮಾತ್ರೆಗಳ ಹೆಸರು ಹೇಳಿ.

ಎದೆಹಾಲು ಕೊಡುವಾಗ?

ಪ್ರಿಎಕ್ಲಾಂಪ್ಸಿಯಾ ತಡೆಯಲು ಕೊಟ್ಟದ್ದಾದರೆ ಹೆರಿಗೆಯ ನಂತರ ಅದರ ಅಗತ್ಯವೇ ಇಲ್ಲ. ಬೇರೆ ಕಾಯಿಲೆಗೆ ಮುಂದುವರಿಸಬೇಕಾದರೆ, ಈ ಚಿಕ್ಕ ಡೋಸ್‌ನಲ್ಲಿ ಹಾಲಿಗೆ ಹೋಗುವುದು ತೀರಾ ಕಡಿಮೆ. ಸಾಮಾನ್ಯವಾಗಿ ಹಾಲು ಬಿಡಿಸುವುದಿಲ್ಲ.

ಮಾತ್ರೆ ಉಳಿದಿವೆ. ಬಸುರಿಯಾಗಿರುವ ನಾದಿನಿಗೆ ಕೊಡಬಹುದಾ?

ಅವಳಿಗೆ ಈ ಪುಟ ಕೊಡಿ, ಮಾತ್ರೆ ಬೇಡ. ಅವಳಿಗೆ ಬೇಕೋ ಬೇಡವೋ, ಎಷ್ಟು, ಯಾವಾಗಿನಿಂದ ಎಂದು ಅವಳ ಡಾಕ್ಟರು ಹೇಳಲಿ. ಉಳಿದ ಮಾತ್ರೆಗಳನ್ನು ದೊಡ್ಡ ಮಗುವಿನ ಕೈಗೆ ಸಿಗದ ಕಡೆ ಇಡಿ. ಜ್ವರ ಬಂದ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಲಿವರ್‌ಗೂ ಮೆದುಳಿಗೂ ಹಾನಿ ಮಾಡುವ ರೇಯ್ಸ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆ ಅದರಿಂದ ಬರಬಹುದು.